ಒಂದು ಕುಳಿಗೆ ಎರಡು ಹುಲ್ಲು

2021ನೆಯ ಇಸವಿ ಆಗಸ್ಟ್ 7ನೆಯ ತಾರೀಖು, ಗಾಲ್ಫ್ ಆಟದ ಗಂಧವೂ ಇಲ್ಲದ ಅನೇಕ ಮಂದಿ ನಮ್ಮ ದೇಶದಲ್ಲಿ ನಸುಕಿಗೇ ಎದ್ದು ಟೆಲಿವಿಷನ್ನಿನ ಮುಂದೆ ಕುಳಿತಿದ್ದರು. ಒಂದು ವರ್ಷ ತಡವಾಗಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಅಂದು ಮಹಿಳೆಯರ ಗಾಲ್ಫ್ ಪಂದ್ಯದ ಕೊನೆಯ ದಿನ. ವಿಶ್ವದ ಆಟಗಾರ್ತಿಯರ ಪಟ್ಟಿಯಲ್ಲಿ 200ನೆಯ ಸ್ಥಾನದಲ್ಲಿದ್ದ ಬೆಂಗಳೂರಿನ ಅದಿತಿ ಅಶೋಕ್ ಅವರು ಪದಕದ ಸಮೀಪಕ್ಕೆ ಬಂದು ನಿಂತಿದ್ದರು. ಅವರ ಚೀಲವನ್ನು ಹೊತ್ತು ಜೊತೆಯಲ್ಲಿ ನಡೆಯುತ್ತಿದ್ದವರು ಅವರ ತಾಯಿ. ಹದಿನೆಂಟನೆಯ ಕುಳಿಯ ಬಳಿ ಅವರು ನೂಕಿದ ಚೆಂಡು ಕುಳಿಯ ಪಕ್ಕದಲ್ಲಿಯೇ ಸರಿದುಹೋಯಿತು. ನಾಲ್ಕು ದಿನಗಳಲ್ಲಿ ಒಟ್ಟು 269 ಹೊಡೆತಗಳು. ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದವರಿಗಿಂತ ಒಂದೇ ಒಂದು ಹೊಡೆತ ಹೆಚ್ಚು. ಅದಿತಿ ಅವರಿಗೆ ನಾಲ್ಕನೆಯ ಸ್ಥಾನ ದೊರೆಯಿತು.

ಆ ಪಂದ್ಯ ನಡೆದ ಸ್ಥಳ ಕಾಸುಮಿಗಾಸೆಕಿ ಕಂಟ್ರಿ ಕ್ಲಬ್ಬು. ಟೋಕಿಯೋ ನಗರದ ವಾಯವ್ಯಕ್ಕೆ, ಸೈತಾಮ ಪ್ರಾಂತದ ಕವಾಗೋಯೆ ಪಟ್ಟಣದಲ್ಲಿರುವ ಈ ಬಯಲು ಜಪಾನಿನ ಹಳೆಯ ಖಾಸಗಿ ಗಾಲ್ಫ್ ಬಯಲುಗಳಲ್ಲಿ ಹೆಸರಾದುದು. ಅದಿತಿ ಅವರು ಬಾಲ್ಯದಲ್ಲಿ ಆಟ ಕಲಿತದ್ದು ಬೆಂಗಳೂರಿನಲ್ಲಿ. ಹಳೆಯ ವಿಮಾನ ನಿಲ್ದಾಣದ ರಸ್ತೆಗೆ ಹೊಂದಿಕೊಂಡು, ದೊಮ್ಮಲೂರು ಇಂದಿರಾನಗರಗಳಿಗೆ ಅನತಿ ದೂರದಲ್ಲಿ, ಚಲ್ಲಘಟ್ಟದ ಬಳಿ ಇರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಬಯಲು ಅವರಿಗೆ ತವರಿನಂತೆ. ಎರಡು ಬಯಲುಗಳನ್ನೂ ಚಿತ್ರದಲ್ಲಿ ನೋಡಿದರೆ ಒಂದೇ ಬಗೆಯವೆಂದು ತೋರುತ್ತವೆ. ನಯವಾಗಿ ಕತ್ತರಿಸಿದ ಹುಲ್ಲು, ಅಂಚಿನಲ್ಲಿ ಮರಗಳ ಸಾಲು, ಅಲ್ಲಲ್ಲಿ ಬಿಳಿಯ ಮರಳಿನ ಗುಂಡಿ, ನಡುವೆ ನೀರು. ಆದರೆ ಬಗ್ಗಿ ಹುಲ್ಲಿನ ಒಂದು ಎಸಳನ್ನು ಕಿತ್ತು ನೋಡಿದವರಿಗೆ ಇವೆರಡೂ ಬೇರೆ ಬೇರೆ ಲೋಕಗಳೆಂದು ತಿಳಿಯುವುದು. ಗಾಲ್ಫ್ ಬಯಲಿನ ಹಸುರು ಪ್ರಕೃತಿಯ ದಾನವಲ್ಲ. ಅದು ಹವೆಯೊಡನೆ ಮನುಷ್ಯನು ಮಾಡಿಕೊಂಡ ಒಂದು ಕರಾರು. ಜಪಾನಿನವರು ಮಾಡಿಕೊಂಡ ಕರಾರು ಯಾವುದು, ನಾವು ಮಾಡಿಕೊಂಡದ್ದು ಯಾವುದು, ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಇಲ್ಲಿ ನೋಡೋಣ.

ಕಡಲಂಚಿನಿಂದ ಒಳನಾಡಿಗೆ

ಗಾಲ್ಫ್ ಹುಟ್ಟಿ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನಲ್ಲಿ. ಅಲ್ಲಿಯ ಮರಳು ದಿಬ್ಬಗಳ ಮೇಲೆ ಬೆಳೆ ಬಾರದು. ತಂಪಾದ ಗಾಳಿ, ಆಗಾಗ ಬೀಳುವ ತುಂತುರು ಮಳೆ, ನೀರನ್ನು ನಿಲ್ಲಗೊಡದ ಮರಳು ಇವುಗಳ ನಡುವೆ ಕೂದಲಿನಂತೆ ನವುರಾದ ಕೆಲವು ಹುಲ್ಲುಗಳು ತಾವಾಗಿ ಬೆಳೆಯುತ್ತಿದ್ದವು. ಕುರಿಗಳು ಅವನ್ನು ಮೇದು ಮೋಟು ಮಾಡುತ್ತಿದ್ದವು. ಆಟಗಾರರು ಮಾಡಬೇಕಾದ ಕೆಲಸ ಹೆಚ್ಚೇನೂ ಇರಲಿಲ್ಲ. ಕುಳಿ ತೋಡಿ ಆಡಿದರೆ ಸಾಕಾಗಿತ್ತು.

ಆಟ ಒಳನಾಡಿಗೆ ಬಂದಾಗ ತೊಡಕು ಮೊದಲಾಯಿತು. ಒಳನಾಡಿನ ಮಣ್ಣು ಜಿಗಟು. ಹುಲ್ಲು ಮೊಣಕಾಲುದ್ದ ಬೆಳೆಯುವುದು. 1830ರಲ್ಲಿ ಎಡ್ವಿನ್ ಬಡಿಂಗ್ ಎಂಬ ಇಂಗ್ಲಿಷ್ ಯಂತ್ರಕಾರನು ಹುಲ್ಲು ಕತ್ತರಿಸುವ ಯಂತ್ರವನ್ನು ರಚಿಸಿದನು. ಶ್ರೀಮಂತರ ಉದ್ಯಾನಗಳ ಹಾಗೆ ಮರ, ಹುಲ್ಲುಹಾಸು, ಕೊಳಗಳಿಂದ ಕೂಡಿದ ಗಾಲ್ಫ್ ಬಯಲುಗಳನ್ನು ಒಳನಾಡಿನಲ್ಲಿ ನಿರ್ಮಿಸಿ ಉಳಿಸಿಕೊಳ್ಳುವುದು ಇಂಥ ಯಂತ್ರಗಳಿಂದಲೇ ಸಾಧ್ಯವಾಯಿತು. ಉದ್ಯಾನ ಮಾದರಿಯ ಬಯಲುಗಳೆಂದು ನಾವು ಇವನ್ನು ಕರೆಯಬಹುದು. ಕಾಸುಮಿಗಾಸೆಕಿಯೂ ಚಲ್ಲಘಟ್ಟವೂ ಈ ಮಾದರಿಗೇ ಸೇರಿದವು.

ಬ್ರಿಟಿಷರು ಹೋದಲ್ಲೆಲ್ಲ ಈ ಆಟವೂ ಹೋಯಿತು. ಕಲ್ಕತ್ತೆಯಲ್ಲಿ 1829ರಲ್ಲಿಯೇ ಗಾಲ್ಫ್ ಕ್ಲಬ್ಬು ಸ್ಥಾಪನೆಯಾಯಿತು. ಬೆಂಗಳೂರಿನ ದಂಡು 1809ರಲ್ಲಿ ನೆಲೆಗೊಂಡಿತು. ಇಲ್ಲಿಯ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಹೈಗ್ರೌಂಡ್ಸಿನ ಆ ಚಿಕ್ಕ ಬಯಲು ಇಂದಿಗೂ ಇದೆ. ಜಪಾನಿನ ಮೊದಲ ಕ್ಲಬ್ಬು ಹುಟ್ಟಿದ್ದು 1903ರಲ್ಲಿ, ಕೋಬೆ ನಗರದ ಮೇಲಿರುವ ರೊಕ್ಕೋ ಬೆಟ್ಟದ ಮೇಲೆ. ಅದರ ಸ್ಥಾಪಕ ಆರ್ಥರ್ ಗ್ರೂಮ್ ಎಂಬ ಇಂಗ್ಲಿಷ್ ವರ್ತಕ. ಎಂದರೆ ಈ ವಿಷಯದಲ್ಲಿ ಬೆಂಗಳೂರು ಜಪಾನಿಗಿಂತ 27 ವರ್ಷ ಹಿರಿಯದು. ಆದರೆ ಆಟವನ್ನು ತಮ್ಮದಾಗಿ ಮಾಡಿಕೊಂಡುದರಲ್ಲಿ ಜಪಾನಿನವರು ಎಲ್ಲರನ್ನೂ ಹಿಂದೆ ಹಾಕಿದರು. ಇಂದು ಆ ದೇಶದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಗಾಲ್ಫ್ ಬಯಲುಗಳಿವೆ.

ಕಾಸುಮಿಗಾಸೆಕಿಯಲ್ಲಿ ಒಂದು ದಿನ

ಕಾಸುಮಿಗಾಸೆಕಿಯ ಪೂರ್ವದ ಬಯಲು ತೆರೆದದ್ದು 1929ರಲ್ಲಿ. ಅದನ್ನು ರೂಪಿಸಿದವರಲ್ಲಿ ಮುಖ್ಯನಾದವನು ಕಿನ್ಯಾ ಫುಜಿತ. ಮುಂದಿನ ವರ್ಷ ಜಪಾನಿಗೆ ಬಂದ ಚಾರ್ಲ್ಸ್ ಹ್ಯೂ ಅಲಿಸನ್ ಎಂಬ ಇಂಗ್ಲಿಷ್ ವಿನ್ಯಾಸಕಾರನು ಅದನ್ನು ನೋಡಿ, ಗ್ರೀನುಗಳ ಪಕ್ಕದಲ್ಲಿ ಆಳವಾದ ಮರಳುಗುಂಡಿಗಳನ್ನು ತೋಡಲು ಸಲಹೆಯಿತ್ತನು. ಅಷ್ಟು ಆಳದ ಗುಂಡಿಗಳನ್ನು ಜಪಾನಿನವರು ಅದುವರೆಗೆ ಕಂಡಿರಲಿಲ್ಲ. ಅಂಥ ಗುಂಡಿಗೆ ಆ ದೇಶದಲ್ಲಿ ಇಂದಿಗೂ ಅಲಿಸನ್ ಎಂದೇ ಹೆಸರು. 1957ರಲ್ಲಿ ಇಲ್ಲಿ ನಡೆದ ಕೆನಡಾ ಕಪ್ ಪಂದ್ಯವನ್ನು ಜಪಾನ್ ತಂಡ ಗೆದ್ದಿತು. ಟೊರಾಕಿಚಿ ನಕಾಮುರ ವೈಯಕ್ತಿಕ ಪ್ರಶಸ್ತಿಯನ್ನೂ ಪಡೆದನು. ಜಪಾನಿನ ಜನಸಾಮಾನ್ಯರಿಗೆ ಗಾಲ್ಫಿನ ಹುಚ್ಚು ಹಿಡಿದದ್ದು ಅಲ್ಲಿಂದೀಚೆಗೆ.

ಇಂಥ ಕ್ಲಬ್ಬಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಸದಸ್ಯರೊಬ್ಬರ ಪರಿಚಯ ಬೇಕು. ಅತಿಥಿಗೆ ಅಲ್ಲಿಯ ದಿನಚರಿಯೇ ಒಂದು ಹೊಸ ಅನುಭವ. ಒಂಬತ್ತು ಕುಳಿಗಳನ್ನು ಮುಗಿಸಿದೊಡನೆ ಆಟ ನಿಲ್ಲುವುದು. ಎಲ್ಲರೂ ಒಳಗೆ ಹೋಗಿ ಕುಳಿತು ಊಟ ಮಾಡಿ, ಗೊತ್ತಾದ ಹೊತ್ತಿಗೆ ಹಿಂತಿರುಗಿ ಉಳಿದ ಒಂಬತ್ತನ್ನು ಆಡುವರು. ಆಟ ಮುಗಿದ ಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಸ್ನಾನ. ಚೀಲಗಳನ್ನು ನೋಡಿಕೊಳ್ಳುವ ಕ್ಯಾಡಿಗಳಲ್ಲಿ ಹೆಂಗಸರೇ ಹೆಚ್ಚು. ಹೊಡೆತಕ್ಕೆ ಕಿತ್ತುಹೋದ ಹುಲ್ಲಿನ ಗಾಯವನ್ನು ಅವರು ಕೂಡಲೇ ಮರಳಿನಿಂದ ಮುಚ್ಚುತ್ತ ಹೋಗುವರು. ಹುಲ್ಲಿಗೆ ಇಷ್ಟು ಉಪಚಾರ ನಡೆಯುವ ಈ ಕ್ಲಬ್ಬಿನಲ್ಲಿ ಹೆಂಗಸರಿಗೆ ಪೂರ್ಣ ಸದಸ್ಯತ್ವ ಮಾತ್ರ ಬಹುಕಾಲ ಇರಲಿಲ್ಲ. ಒಲಿಂಪಿಕ್ ಸಮಿತಿಯ ಒತ್ತಾಯ ಬಂದ ಮೇಲೆ, 2017ರ ಮಾರ್ಚಿಯಲ್ಲಿ, ಕ್ಲಬ್ಬು ತನ್ನ ನಿಯಮವನ್ನು ತಿದ್ದಿಕೊಂಡಿತು. ನಾಲ್ಕು ವರ್ಷಗಳ ತರುವಾಯ ಬೆಂಗಳೂರಿನ ತಾಯಿ ಮಗಳು ಅದೇ ಬಯಲಿನಲ್ಲಿ ನಡೆದರು.

ಎರಡು ಗ್ರೀನುಗಳೇಕೆ?

ಗಾಲ್ಫ್ ಬಯಲಿನಲ್ಲಿ ಹುಲ್ಲು ಒಂದೇ ಎತ್ತರವಾಗಿರುವುದಿಲ್ಲ. ಚೆಂಡು ಸಾಗಬೇಕಾದ ದಾರಿಯಲ್ಲಿ ಅದನ್ನು ಬೆರಳಿನ ದಪ್ಪಕ್ಕೆ ಕತ್ತರಿಸುವರು; ದಾರಿಯ ಆಚೀಚೆ ಉದ್ದವಾಗಿ ಬಿಡುವರು. ಕುಳಿಯ ಸುತ್ತಲಿನ ಅಂಗಳಕ್ಕೆ ಗ್ರೀನ್ ಎಂದು ಹೆಸರು. ಅಲ್ಲಿ ಹುಲ್ಲಿನ ಎತ್ತರ ಸುಮಾರು 3 ಮಿಲಿಮೀಟರು. ಎರಡು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಎಲೆಯೇ ಗಿಡಕ್ಕೆ ಅಡಿಗೆಮನೆ. ದಿನವೂ ಎಲೆಯನ್ನು ಅಷ್ಟು ಮೋಟಾಗಿ ಕತ್ತರಿಸಿದರೂ ಸಾಯದೆ, ಚಾಪೆಯಂತೆ ದಟ್ಟವಾಗಿ ಹಬ್ಬಿಕೊಳ್ಳಬಲ್ಲ ಹುಲ್ಲುಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ.

ಯೂರೋಪಿನವರ ಮೆಚ್ಚಿನ ಹುಲ್ಲು ಬೆಂಟ್. ಎಲೆ ಎಳೆಯಾಗಿ, ನೆಟ್ಟಗೆ ನಿಲ್ಲುವುದು. ಚೆಂಡು ಅದರ ಮೇಲೆ ಜಮಖಾನದ ಮೇಲೆ ಉರುಳಿದಂತೆ ಉರುಳುವುದು. ಆದರೆ ಅದು ತಂಪು ನಾಡಿನ ಹುಲ್ಲು. 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಯುವುದು. ಜಪಾನಿನ ಬೇಸಗೆಯ ಬೆವರೊಡೆಯುವ ಸೆಕೆಯಲ್ಲಿ ಅದರ ಬೇರು ಸೊರಗಿ, ಬೂಷ್ಟು ರೋಗಗಳು ಮುತ್ತಿಕೊಳ್ಳುವುವು. ಆ ಸೆಕೆ ಎಂಥದೆಂದರೆ, 2021ರ ಪಂದ್ಯದ ಮೊದಲ ದಿನವೇ ಕ್ಯಾಡಿಯೊಬ್ಬರು ಅದನ್ನು ತಾಳಲಾರದೆ ನಡುವೆಯೇ ಚೀಲವನ್ನು ಇಳಿಸಿ ಹೋಗಬೇಕಾಯಿತು. ಜಪಾನಿನ ಸ್ವಂತ ಹುಲ್ಲು ಜಾಯ್ಸಿಯ ಎಂಬ ಕುಲದ್ದು. ಅದರಲ್ಲಿ ಸಣ್ಣ ಎಲೆಯ ಒಂದು ಬಗೆಗೆ, ಕೊರಿಯ ದೇಶದ ಹಳೆಯ ಹೆಸರನ್ನು ಹಿಡಿದು, ಕೊರೈ ಎನ್ನುವರು. ಬೇಸಗೆಯಲ್ಲಿ ಅದಕ್ಕೆ ಎಣೆಯಿಲ್ಲ. ಆದರೆ ಚಳಿಗಾಲ ಬಂದಿತೆಂದರೆ ಬೆಳವಣಿಗೆ ನಿಂತು, ಎಲೆಯೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗುವುದು.

ಒಂದು ಹುಲ್ಲು ಬೇಸಗೆಯಲ್ಲಿ ಕೆಡುವುದು, ಇನ್ನೊಂದು ಚಳಿಗಾಲದಲ್ಲಿ ಮಲಗುವುದು. ಇದಕ್ಕೆ ಜಪಾನಿನವರು ಕಂಡುಕೊಂಡ ಉಪಾಯ ಸರಳವಾದುದು, ಆದರೆ ದುಬಾರಿಯಾದುದು. ಪ್ರತಿಯೊಂದು ಕುಳಿಗೂ ಅಕ್ಕಪಕ್ಕದಲ್ಲಿ ಎರಡು ಗ್ರೀನುಗಳನ್ನು ಮಾಡಿ, ಒಂದರಲ್ಲಿ ಬೆಂಟ್, ಇನ್ನೊಂದರಲ್ಲಿ ಕೊರೈ ಬೆಳೆಸಿದರು. ಬಿಸಿಲು ಏರಿದಾಗ ಬಾವುಟ ಕೊರೈ ಗ್ರೀನಿಗೆ ಹೋಗುವುದು. ಚಳಿ ಬಿದ್ದಾಗ ಬೆಂಟ್ ಗ್ರೀನಿಗೆ ಮರಳುವುದು. 18 ಕುಳಿಗಳ ಬಯಲಿಗೆ 36 ಗ್ರೀನುಗಳು! ಗುತ್ತಿ ಕಟ್ಟಿದ ಹಾಗೆ ನೆಲವೂ ನೀರೂ ಕೆಲಸವೂ ಇಮ್ಮಡಿ. ಬೇರೆ ದೇಶದ ಅತಿಥಿಗಳು ಜಪಾನಿನ ಹಳೆಯ ಬಯಲುಗಳಲ್ಲಿ ಮೊದಲು ಬೆರಗಾಗುತ್ತಿದ್ದುದು ಇದನ್ನು ಕಂಡು.

ಇತ್ತೀಚೆಗೆ ಈ ಪದ್ಧತಿ ಕಡಿಮೆಯಾಗುತ್ತಿದೆ. ಸೆಕೆಯನ್ನು ತಕ್ಕಮಟ್ಟಿಗೆ ತಾಳುವ ಬೆಂಟ್ ತಳಿಗಳು ಬಂದಿವೆ. ನೆಲದೊಳಗೆ ಕೊಳವೆಗಳನ್ನು ಹೂಳಿ ಬೇರುಗಳಿಗೆ ಗಾಳಿಯಾಡಿಸುವ ಯಂತ್ರಗಳೂ ಇವೆ. ಒಲಿಂಪಿಕ್ ಕ್ರೀಡೆಗಳಿಗಾಗಿ ಕಾಸುಮಿಗಾಸೆಕಿಯ ಪೂರ್ವದ ಬಯಲನ್ನು ಅಮೆರಿಕದ ಟಾಮ್ ಫಾಜಿಯೊ ಮತ್ತು ಅವರ ಮಗ ಲೋಗನ್ 2016ರ ಹೊತ್ತಿಗೆ ಪುನಃ ರೂಪಿಸಿದಾಗ, ಕುಳಿಗೊಂದೇ ಗ್ರೀನ್ ಉಳಿಸಿದರು.

ಎಲೆಯೊಳಗಿನ ಲೆಕ್ಕಾಚಾರ

ಎರಡು ಹುಲ್ಲುಗಳ ಸ್ವಭಾವ ಹೀಗೆ ಹಗಲು ರಾತ್ರಿಗಳಂತೆ ಬೇರೆಯಾಗಲು ಕಾರಣವೇನು? ಇದರ ಗುಟ್ಟು ಹೊರಬಿದ್ದದ್ದು ಹುಲ್ಲಿನಿಂದಲ್ಲ, ಅದರ ಹಿರಿಯ ಬಂಧುವಾದ ಕಬ್ಬಿನಿಂದ. 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಕಬ್ಬಿನ ಎಲೆಯಲ್ಲಿ ನಡೆಯುವ ರಸಾಯನ ಕ್ರಿಯೆಯನ್ನು ವಿವರಿಸಿದರು.

ಸಸ್ಯವು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿ ಸಕ್ಕರೆಯನ್ನು ಮಾಡುವುದು ಎಲ್ಲರಿಗೂ ತಿಳಿದ ವಿಷಯ. ಈ ವಾಯುವನ್ನು ಹಿಡಿಯುವ ಕಿಣ್ವವೊಂದು ಎಲೆಯಲ್ಲಿದೆ. ಅದಕ್ಕೆ ಒಂದು ದೌರ್ಬಲ್ಯ ಉಂಟು: ಸೆಕೆ ಹೆಚ್ಚಿದಂತೆಲ್ಲ ಅದು ಇಂಗಾಲಾಮ್ಲ ವಾಯುವಿನ ಬದಲು ಆಮ್ಲಜನಕವನ್ನು ತಪ್ಪಾಗಿ ಹಿಡಿಯತೊಡಗುವುದು. ಆ ತಪ್ಪನ್ನು ಸರಿಪಡಿಸಲು ಗಿಡವು ತಾನು ಗಳಿಸಿದ ಆಹಾರದಲ್ಲಿ ಒಂದು ಪಾಲನ್ನು ಕಳೆಯಬೇಕು. ಬೆಂಟ್ ಹುಲ್ಲು, ಬತ್ತ, ಗೋಧಿ ಇವೆಲ್ಲ ಈ ನಷ್ಟವನ್ನು ಅನುಭವಿಸುವ ಪಂಗಡಕ್ಕೆ ಸೇರಿದವು.

ಕಬ್ಬಿನ ಪಂಗಡದ ಗಿಡಗಳು ಈ ನಷ್ಟವನ್ನು ತಪ್ಪಿಸಿಕೊಳ್ಳುವ ದಾರಿ ಕಂಡುಕೊಂಡಿವೆ. ಅವುಗಳ ಎಲೆಯ ನರಗಳ ಸುತ್ತ ಮಾಲೆಯಂತೆ ಜೋಡಿಸಿದ ದಪ್ಪ ಕೋಶಗಳುಂಟು. ಹೊರಗಿನ ಕೋಶಗಳಲ್ಲಿರುವ ಬೇರೊಂದು ಕಿಣ್ವವು ಇಂಗಾಲಾಮ್ಲ ವಾಯುವನ್ನು ಮಾತ್ರ ಹಿಡಿದು, ನಾಲ್ಕು ಇಂಗಾಲದ ಪರಮಾಣುಗಳುಳ್ಳ ಆಮ್ಲವಾಗಿ ಮಾರ್ಪಡಿಸಿ, ಒಳಗಿನ ಮಾಲೆಗೆ ಸಾಗಿಸುವುದು. ಅಲ್ಲಿ ವಾಯು ಬಿಡುಗಡೆಯಾಗಿ ದಟ್ಟವಾಗುವುದರಿಂದ, ಮೊದಲು ಹೇಳಿದ ಕಿಣ್ವಕ್ಕೆ ತಪ್ಪು ಮಾಡಲು ಅವಕಾಶವೇ ಕಡಿಮೆ. ಜೋಳ, ರಾಗಿ, ಮುಸುಕಿನ ಜೋಳ, ಜಪಾನಿನ ಕೊರೈ ಇವು ಈ ಪಂಗಡದವು. 27ರಿಂದ 35 ಡಿಗ್ರಿಯವರೆಗಿನ ಬಿಸಿಯಲ್ಲಿಯೇ ಇವುಗಳ ಬೆಳವಣಿಗೆ ಹುರುಪಿನದು. ಇನ್ನೊಂದು ಲಾಭವೂ ಇದೆ. ಎಲೆಯ ಸೂಕ್ಷ್ಮ ರಂಧ್ರಗಳನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗಿಲ್ಲವಾದುದರಿಂದ ನೀರಿನ ಖರ್ಚು ಕಡಿಮೆ. ಬತ್ತ ಗದ್ದೆಯಲ್ಲಿ ನಿಂತ ನೀರನ್ನು ಬೇಡಿದರೆ, ರಾಗಿ ಎರಡು ಮಳೆಯ ನಡುವಣ ಬಿಡುವನ್ನು ಸೈರಿಸಿಕೊಂಡು ಇರುವುದನ್ನು ನಮ್ಮ ರೈತರು ಈ ರಸಾಯನಶಾಸ್ತ್ರ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಬಲ್ಲರು.

ಹೊರನಾಡ ಹೆಸರಿನ ಗರಿಕೆ

ಬೆಂಗಳೂರಿನಲ್ಲಿ ಎರಡು ಗ್ರೀನುಗಳ ಗೊಡವೆ ಬೇಡ. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದ ಈ ಊರಿನಲ್ಲಿ ಹುಲ್ಲನ್ನು ಮಲಗಿಸುವಂಥ ದೀರ್ಘ ಚಳಿಯಿಲ್ಲ. ಇಲ್ಲಿ ಬೇಕಾದುದು ಬಿಸಿಲನ್ನು ತಾಳಿ ವರ್ಷವಿಡೀ ಎಚ್ಚರವಾಗಿರುವ ಹುಲ್ಲು. ನಮ್ಮ ದೇಶದ ಗಾಲ್ಫ್ ಬಯಲುಗಳಲ್ಲಿ ಸಾಮಾನ್ಯವಾಗಿ ಬೆಳೆಸುವ ಅಂಥ ಹುಲ್ಲಿಗೆ ಬರ್ಮುಡಾ ಎಂದು ಹೆಸರು.

ಈ ಹೆಸರನ್ನು ಕೇಳಿ ಓದುಗರು ಅದನ್ನು ಹಡಗಿನಲ್ಲಿ ತಂದ ದುಬಾರಿ ವಸ್ತುವೆಂದು ಭಾವಿಸಬಾರದು. ಅದು ನಮ್ಮ ಗರಿಕೆ. ಗಣೇಶನ ಚೌತಿಯ ದಿನ ಇಪ್ಪತ್ತೊಂದು ಎಸಳು ಕಟ್ಟಿ ಏರಿಸುವ, ಬದುವಿನ ಮೇಲೆ ದನ ಮೇಯುವ, ಹೊಲದೊಳಗೆ ಹೊಕ್ಕಿತೆಂದರೆ ಕಿತ್ತಷ್ಟೂ ಚಿಗುರಿ ರೈತನನ್ನು ಗೋಳಾಡಿಸುವ ಅದೇ ಗರಿಕೆ. ಬರ್ಮುಡಾ ಎಂಬುದು ಅಮೆರಿಕದವರು ಇಟ್ಟ ಹೆಸರು. ಆ ದ್ವೀಪಗಳಿಗೂ ಹುಲ್ಲಿನ ಹುಟ್ಟಿಗೂ ಸಂಬಂಧವಿಲ್ಲ. ಅದರ ಮೂಲ ನಮ್ಮ ಕಡೆಯ ಹಳೆಯ ಖಂಡಗಳು. ನೆಲದ ಮೇಲೆ ಹರಿದಾಡುವ ಅದರ ಕಾಂಡದಲ್ಲಿ ಗೆಣ್ಣು ಗೆಣ್ಣಿಗೂ ಬೇರಿಳಿಯುತ್ತದೆ. ಮಣ್ಣಿನೊಳಗೂ ಕಾಂಡಗಳು ಸಾಗುತ್ತವೆ. ಮೇಲಿನ ಎಲೆಯನ್ನು ಎಷ್ಟು ಕತ್ತರಿಸಿದರೂ ಅದರ ಬಂಡವಾಳ ಕೆಳಗೆ ಭದ್ರವಾಗಿರುತ್ತದೆ. ರೈತನ ಶತ್ರುವಾಗಿರುವ ಗುಣವೇ ಗಾಲ್ಫ್ ಬಯಲಿನಲ್ಲಿ ಅದರ ಯೋಗ್ಯತೆಯಾಯಿತು.

ಆದರೆ ಹೊಲದ ಗರಿಕೆ ಗ್ರೀನಿಗೆ ತುಸು ಒರಟು. ಅಮೆರಿಕದ ಜಾರ್ಜಿಯ ರಾಜ್ಯದ ಟಿಫ್ಟನ್ ಎಂಬ ಊರಿನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಇದನ್ನು ದಕ್ಷಿಣ ಆಫ್ರಿಕದ ಸಣ್ಣ ಎಲೆಯ ಒಂದು ಸೋದರ ಹುಲ್ಲಿನೊಡನೆ ಬೆರಸಿ ಹೊಸ ತಳಿಗಳನ್ನು ಪಡೆದನು. ಟಿಫ್‌ಗ್ರೀನ್ 1956ರಲ್ಲಿಯೂ ಟಿಫ್‌ಡ್ವಾರ್ಫ್ 1965ರಲ್ಲಿಯೂ ಬಳಕೆಗೆ ಬಂದುವು. ಗರಿಕೆಯ ಕೋಶದಲ್ಲಿ 36 ವರ್ಣತಂತುಗಳು, ಆಫ್ರಿಕದ ಹುಲ್ಲಿನಲ್ಲಿ 18, ಸಂಕರದಲ್ಲಿ 27. ಬೆಸವಾದ ಈ ಸಂಖ್ಯೆ ಸರಿಯಾಗಿ ಜೋಡಿಯಾಗದು. ಆದಕಾರಣ ಬೀಜ ಕಟ್ಟದು. ಹೇಸರಗತ್ತೆಗೆ ಮರಿಯಾಗದಂತೆಯೇ ಇದೂ. ಕಾಂಡದ ತುಂಡುಗಳನ್ನು ನೆಟ್ಟೇ ಇದನ್ನು ಹಬ್ಬಿಸಬೇಕು.

ಚೆಂಡಿನ ಓಟ

ಹುಲ್ಲು ಬದಲಾದರೆ ಆಟವೂ ಬದಲಾಗುವುದು. ಗ್ರೀನಿನ ವೇಗವನ್ನು ಅಳೆಯಲು ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದವನು 1935ರಲ್ಲಿ ಒಂದು ಸಾಧನವನ್ನು ಮಾಡಿದನು. ಅದು 3 ಅಡಿ ಉದ್ದದ, ಗಾಡಿ ಬಿದ್ದ ಒಂದು ಪಟ್ಟಿ. ಅದರ ಹಳ್ಳದಲ್ಲಿ ಚೆಂಡನ್ನಿಟ್ಟು, ಪಟ್ಟಿಯ ಒಂದು ತುದಿಯನ್ನು ಮೆಲ್ಲನೆ ಎತ್ತಿದರೆ, ಓರೆ ಸುಮಾರು 20 ಡಿಗ್ರಿಯಾದಾಗ ಚೆಂಡು ತಾನಾಗಿ ಉರುಳುವುದು. ನೆಲದ ಮೇಲೆ ಅದು ಎಷ್ಟು ಅಡಿ ಓಡಿತೋ ಅದೇ ಗ್ರೀನಿನ ವೇಗ.

ಒಂದು ಲೆಕ್ಕ ಮಾಡೋಣ. ಪಟ್ಟಿಯಿಂದ ಇಳಿದ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 1.8 ಮೀಟರು. ಸಮತಟ್ಟಾದ ಗ್ರೀನಿನಲ್ಲಿ ಅದು 10 ಅಡಿ, ಎಂದರೆ 3 ಮೀಟರು ಓಡಿ ನಿಂತಿತೆನ್ನಿ. ಅದೇ ಗ್ರೀನು ಮೀಟರಿಗೆ ಕೇವಲ 2 ಸೆಂಟಿಮೀಟರಿನಂತೆ ಓರೆಯಾಗಿದ್ದರೆ, ಅಷ್ಟೇ ಬಲದ ಚೆಂಡು ಇಳಿಜಾರಿನಲ್ಲಿ ಸುಮಾರು 4 ಮೀಟರು ಓಡುವುದು, ಏರಿನಲ್ಲಿ 2.4 ಮೀಟರಿಗೇ ನಿಲ್ಲುವುದು. ಕಣ್ಣಿಗೆ ಕಾಣದಷ್ಟು ಓರೆ ಒಂದೂವರೆ ಮೀಟರಿಗೂ ಮಿಕ್ಕ ವ್ಯತ್ಯಾಸವನ್ನು ತರುವುದು! ಕುಳಿಯ ಅಗಲವಾದರೋ 108 ಮಿಲಿಮೀಟರು ಮಾತ್ರ.

ಇದರ ಮೇಲೆ ಹುಲ್ಲಿನ ಒಲವೂ ಸೇರುವುದು. ಗರಿಕೆ ಮತ್ತು ಕೊರೈ ಹರಿದಾಡುವ ಹುಲ್ಲುಗಳಾದುದರಿಂದ ಅವುಗಳ ಎಲೆ ಒಂದು ದಿಕ್ಕಿಗೆ ಒರಗಿರುತ್ತದೆ. ಬೆಕ್ಕಿನ ಮೈಯನ್ನು ರೋಮದ ದಿಕ್ಕಿನಲ್ಲಿ ಸವರುವುದಕ್ಕೂ ಎದುರಾಗಿ ಸವರುವುದಕ್ಕೂ ಇರುವ ವ್ಯತ್ಯಾಸವೇ ಚೆಂಡಿಗೂ ಉಂಟು. ಬೆಂಟ್ ಹುಲ್ಲಿನಲ್ಲಿ ಈ ಒಲವು ಅಲ್ಪ. ಅಲ್ಲಿ ನೆಲದ ಓರೆಯೇ ಪ್ರಧಾನ. ಎಂದರೆ ಗರಿಕೆಯ ನಾಡಿನಿಂದ ಕಾಸುಮಿಗಾಸೆಕಿಗೆ ಹೋದ ಆಟಗಾರ್ತಿ ನೆಲವನ್ನು ಓದುವ ಲಿಪಿಯನ್ನೇ ಬದಲಿಸಿಕೊಳ್ಳಬೇಕು. ಅದಿತಿ ಅವರು ಚೆಂಡನ್ನು ಬಹುದೂರ ಹೊಡೆಯುವವರಲ್ಲ. ಅವರೊಡನೆ ಆಡಿದವರ ಚೆಂಡು ಎಷ್ಟೋ ಗಜ ಮುಂದೆ ಬೀಳುತ್ತಿತ್ತು. ಅವರ ಬಲವಿದ್ದುದು ಈ ಓದಿನಲ್ಲಿ. 67, 66, 68, 68 ಎಂಬ ಅವರ ನಾಲ್ಕು ದಿನಗಳ ಎಣಿಕೆ ಆ ಓದಿಗೆ ದೊರೆತ ಅಂಕಪಟ್ಟಿ.

ಹುಲ್ಲಿನ ಕೆಳಗೆ ಏನಿದೆ?

ಗ್ರೀನಿನ ಹುಲ್ಲಿಗೆ ನೀರು ಬೇಕು, ಆದರೆ ನೀರು ನಿಲ್ಲಲೂ ಬಾರದು. ಈ ವಿರೋಧವನ್ನು ಪರಿಹರಿಸುವ ಕ್ರಮವೊಂದನ್ನು ಅಮೆರಿಕದ ಗಾಲ್ಫ್ ಸಂಘವು 1960ರಲ್ಲಿ ಪ್ರಕಟಿಸಿತು. ಕೆಳಗೆ ಬಸಿಗೊಳವೆಗಳು, ಅವುಗಳ ಮೇಲೆ 10 ಸೆಂಟಿಮೀಟರು ಜಲ್ಲಿ, ಅದರ ಮೇಲೆ 30 ಸೆಂಟಿಮೀಟರು ಮರಳು, ಮೇಲ್ಗಡೆ ಹುಲ್ಲು. ಮರಳಿನ ನೀರೆಲ್ಲ ಜಲ್ಲಿಗೆ ಸೋರಿಹೋಗುವುದಿಲ್ಲವೆ ಎಂದು ಕೇಳಬಹುದು. ಹೋಗುವುದಿಲ್ಲ. ಒಗೆದ ಪಂಚೆಯನ್ನು ಹಗ್ಗದ ಮೇಲೆ ಹರವಿದಾಗ ನೀರು ಇಳಿದು ಬಂದು ಕೆಳಗಿನ ಅಂಚಿನಲ್ಲಿ ನಿಲ್ಲುವುದನ್ನು ಎಲ್ಲರೂ ನೋಡಿದ್ದಾರೆ. ಬಟ್ಟೆಯ ಸಣ್ಣ ಸಂದುಗಳು ಆ ನೀರನ್ನು ಹಿಡಿದುಕೊಂಡಿರುತ್ತವೆ. ಹಿಂಡಿದರೆ ಮಾತ್ರ ಬಿಡುತ್ತವೆ. ಹಾಗೆಯೇ ಮರಳಿನ ಕಿರಿಯ ಸಂದುಗಳಲ್ಲಿರುವ ನೀರು ಜಲ್ಲಿಯ ಹಿರಿಯ ಸಂದುಗಳಿಗೆ ಇಳಿಯದೆ, ಎರಡರ ಗಡಿಯಲ್ಲಿ ಬೇರಿಗೆ ಎಟಕುವಂತೆ ನಿಲ್ಲುವುದು. ಜಡಿಮಳೆ ಬಂದು ಭಾರ ಹೆಚ್ಚಾದಾಗ ಮಾತ್ರ ಹೆಚ್ಚಿನ ನೀರು ತಟಕ್ಕನೆ ಬಸಿದುಹೋಗುವುದು. ಕಡಲಂಚಿನ ಮರಳುದಿಬ್ಬವನ್ನು ಒಳನಾಡಿಗೆ ಹೊತ್ತು ತಂದಂತೆಯೇ ಇದು.

ಚಲ್ಲಘಟ್ಟದ ಕಣಿವೆ

ಈಗ ಬೆಲೆಯ ಮಾತು. ಹುಲ್ಲು ದಿನವೊಂದಕ್ಕೆ ಆವಿಯಾಗಿ ಬಿಡುವ ನೀರನ್ನು, ಬೇಸಗೆಯಲ್ಲಿ, ಸಾಧಾರಣವಾಗಿ 4 ಮಿಲಿಮೀಟರು ಎಂದು ಇಟ್ಟುಕೊಳ್ಳೋಣ. ಒಂದು ಎಕರೆಗೆ ಇದು 16 ಸಾವಿರ ಲೀಟರು. ಬಯಲಿನಲ್ಲಿ 50 ಎಕರೆಗೆ ನೀರು ಹಾಯಿಸಬೇಕಾದರೆ ದಿನಕ್ಕೆ ಸುಮಾರು 8 ಲಕ್ಷ ಲೀಟರು. ನಗರವಾಸಿಗೆ ದಿನಕ್ಕೆ 135 ಲೀಟರು ಬೇಕೆಂಬ ಸರ್ಕಾರದ ಪ್ರಮಾಣವನ್ನು ಹಿಡಿದರೆ, ಇದು ಆರು ಸಾವಿರ ಜನರ ನೀರು. ಗರಿಕೆಯಂಥ ಮಿತವ್ಯಯದ ಹುಲ್ಲಿಗೇ ಇಷ್ಟು!

ಬೆಂಗಳೂರಿಗೆ ನದಿಯಿಲ್ಲ. ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ತರಬೇಕು. ಹಿಂದಿನವರು ಮಳೆಯ ನೀರನ್ನು ಕಣಿವೆಗಳಲ್ಲಿ ಕೆರೆ ಕಟ್ಟಿ ಹಿಡಿದಿದ್ದರು. ಊರಿನ ಮೂರು ದೊಡ್ಡ ಕಣಿವೆಗಳು ವೃಷಭಾವತಿ, ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ. ದಂಡಿನ ಕಡೆಯ, ಹಲಸೂರು ಕೆರೆಯ ಹೆಚ್ಚುನೀರು ಪೂರ್ವಕ್ಕೆ ಇಳಿದು, ಬೆಳ್ಳಂದೂರು ಕೆರೆ, ಬಳಿಕ ವರ್ತೂರು ಕೆರೆ ಸೇರಿ, ದಕ್ಷಿಣ ಪಿನಾಕಿನಿಯತ್ತ ಹೋಗುವುದು. ಕಣಿವೆಗೆ ಹೆಸರಿತ್ತ ಚಲ್ಲಘಟ್ಟದ ಕೆರೆ ಈಗ ಕೆರೆಯಾಗಿಲ್ಲ. ಅದರ ಅಂಗಳವೇ ಗಾಲ್ಫ್ ಬಯಲಾಗಿದೆ. ಅದನ್ನು ವಿನ್ಯಾಸ ಮಾಡಿದವರಲ್ಲಿ ಪ್ರಮುಖರು ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಐದು ಬಾರಿ ಬ್ರಿಟಿಷ್ ಓಪನ್ ಗೆದ್ದವರು.

ಇದನ್ನು ಎರಡು ಬಗೆಯಾಗಿ ನೋಡಬಹುದು. ಕೆರೆ ಹೋಯಿತೆಂಬುದು ನಷ್ಟವೇ ಸರಿ; ಮೇಲಿನ ನೀರನ್ನು ತಡೆದು, ಹೂಳನ್ನು ಇಳಿಸಿ, ನೆಲಕ್ಕೆ ಇಂಗಿಸಿ ಕೆಳಗಿನ ಕೆರೆಗೆ ಕಳಿಸುತ್ತಿದ್ದ ಒಂದು ಮೆಟ್ಟಿಲು ಸರಪಣಿಯಿಂದ ಕಳಚಿತು. ಕೆಳಗಿನ ಬೆಳ್ಳಂದೂರು ಕೆರೆಯ ಪಾಡು ನಾಡಿಗೆಲ್ಲ ತಿಳಿದದ್ದು: 2015ರಲ್ಲಿ ನೊರೆ ರಸ್ತೆಗೆ ಹಾರಿತು, 2017 ಮತ್ತು 2018ರಲ್ಲಿ ಕೆರೆಗೆ ಬೆಂಕಿ ಹತ್ತಿತು. ಇದಕ್ಕೆ ಕಾರಣ ಗಾಲ್ಫ್ ಅಲ್ಲ, ನಗರದ ಕೊಳಚೆ. ಆದರೆ ಸರಪಣಿಯಲ್ಲಿ ಮೆಟ್ಟಿಲುಗಳು ಕಡಿಮೆಯಾದಷ್ಟೂ ಕೊಳಚೆಯನ್ನು ತಡೆಯುವವರು ಕಡಿಮೆಯಾಗುವರು. ಇನ್ನೊಂದು ಕಡೆಯಿಂದ ನೋಡಿದರೆ, ಸುತ್ತಲೂ ಕಾಂಕ್ರೀಟು ಹಬ್ಬಿರುವಾಗ, ಮಳೆಯನ್ನು ಹೀರಬಲ್ಲ ಮಣ್ಣು, ಹಕ್ಕಿ ಕೂರಬಲ್ಲ ಮರ ಉಳಿದಿರುವುದು ಇಂಥ ಬಯಲಿನಲ್ಲಿಯೇ.

2024ರ ಮಾರ್ಚಿಯಲ್ಲಿ ನೀರಿನ ಬರ ಬಂದಾಗ ಜಲಮಂಡಳಿಯು ಕುಡಿಯುವ ನೀರನ್ನು ತೋಟಗಳಿಗೆ ಹಾಯಿಸಬಾರದೆಂದು ವಿಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಹಾಗಾದರೆ ಹುಲ್ಲಿಗೆ ಯಾವ ನೀರು? ಉತ್ತರ ಅದೇ ಕಣಿವೆಯಲ್ಲಿದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಒಣ ಕೆರೆಗಳಿಗೆ ಸಾಗಿಸಲಾಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರು. ಅದರ ಮುಂದೆ ಒಂದು ಬಯಲಿನ 8 ಲಕ್ಷ ಲೀಟರು ಎಷ್ಟರದು? ಸಂಸ್ಕರಿಸಿದ ನೀರಿನಲ್ಲಿ ಉಳಿಯುವ ಸಾರಜನಕ ಮತ್ತು ರಂಜಕ ಕೆರೆಗೆ ವಿಷವಾದರೂ ಹುಲ್ಲಿಗೆ ಗೊಬ್ಬರ. ಉಪ್ಪಿನಂಶವನ್ನು ಬೆಂಟ್‌ಗಿಂತ ಗರಿಕೆ ಚೆನ್ನಾಗಿ ತಾಳಬಲ್ಲುದು. ನಗರಗಳಲ್ಲಿ ಗಾಲ್ಫ್ ಬಯಲು ಉಳಿಯಬೇಕಾದರೆ ಅದು ಕುಡಿಯುವ ನೀರನ್ನು ಮುಟ್ಟದೆ, ನಗರವು ಚೆಲ್ಲಿದ ನೀರನ್ನು ಮಾತ್ರ ಕುಡಿಯಬೇಕು. ಇದು ದಾಕ್ಷಿಣ್ಯದ ಮಾತಲ್ಲ, ಲೆಕ್ಕದ ಮಾತು.

ಜಪಾನಿನವರು ತಮ್ಮ ಹವೆಗೆ ಒಗ್ಗದ ಹುಲ್ಲಿನ ಆಸೆಗೆ ಎರಡು ಗ್ರೀನುಗಳ ಬೆಲೆ ತೆತ್ತರು. ನಮಗೆ ಹುಲ್ಲು ಕಾಲ ಬುಡದಲ್ಲಿಯೇ ಇದೆ. ನಾವು ತೆರಬೇಕಾದ ಬೆಲೆ ನೀರಿನದು. ಚಲ್ಲಘಟ್ಟದ ಬಯಲಾಗಲಿ ಕಾಸುಮಿಗಾಸೆಕಿಯಾಗಲಿ ಸದಸ್ಯರಿಗೂ ಅವರ ಅತಿಥಿಗಳಿಗೂ ಮಾತ್ರ ತೆರೆದಿರುವುವು. ಆದರೆ ಈ ಲೇಖನದ ಅರ್ಧದಷ್ಟನ್ನು ಪರೀಕ್ಷಿಸಿ ನೋಡಲು ಓದುಗರಿಗೆ ಯಾರ ಅಪ್ಪಣೆಯೂ ಬೇಡ. ಮನೆಯ ಹಿತ್ತಲಿನಲ್ಲೋ ಬೀದಿಯ ಅಂಚಿನಲ್ಲೋ ಬೆಳೆದ ಗರಿಕೆಯ ಒಂದು ಬಳ್ಳಿಯನ್ನು ಎತ್ತಿ ನೋಡಿ. ಗೆಣ್ಣು ಗೆಣ್ಣಿಗೂ ಇಳಿದ ಬೇರುಗಳು ಕಾಣುವುವು. ಅದರ ಒಂದು ತುಂಡನ್ನು ಮರಳಿನ ಕುಂಡದಲ್ಲಿ ನೆಟ್ಟು, ಪಾತ್ರೆ ತೊಳೆದ ನೀರನ್ನು ಹಾಕುತ್ತ ಬನ್ನಿ. ಕೆಲವು ವಾರಗಳಲ್ಲಿ ಕುಂಡದ ಬಾಯಿ ಹಸುರಾಗುವುದು.